ಗಿರಾಕಿ ಇಲ್ಲದ ವರ್ಷಗಳ ಹೊಲಿಗೆ

ನಮ್ಮ ಮಾವ ಅಡುಗೆಮನೆಯ ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ ಹೊಲಿದು ತೊಡಿಸಿದ ದಿನ, ಊರಿನಲ್ಲಿ ವ್ಯಾಪಾರ ನಿಜವಾಗಿಯೂ ಬಿದ್ದುಹೋಗಿದೆ ಎಂದು ನನಗೆ ಖಾತ್ರಿಯಾಯಿತು. ಅಷ್ಟರಲ್ಲಿ ಟಿವಿ, ರೇಡಿಯೋ, ಮಿಕ್ಸರ್, ಇಸ್ತ್ರಿಪೆಟ್ಟಿಗೆ, ನೀರಿನ ಫಿಲ್ಟರ್, ಮಗಳು ಪರೀಕ್ಷೆಗೆ ಒಯ್ಯುವ ರಟ್ಟು, ಎಲ್ಲಕ್ಕೂ ಗವಸು ಬಂದಾಗಿತ್ತು. ಮನೆಯಲ್ಲಿ ಬತ್ತಲೆ ಉಳಿದದ್ದು ಸಿಲಿಂಡರ್ ಒಂದೇ. ಮಾವ ಅದರ ಸೊಂಟದ ಅಳತೆ ತೆಗೆದುಕೊಂಡು, ಲಾಡಿ ಹಾಕಿ, ಕೆಳಗೆ ಅಂಚು ಕೊಟ್ಟು ಲಂಗ ಹೊಲಿದಿದ್ದರು. ಸಿಲಿಂಡರ್ ಬದಲಿಸಲು ಬಂದ ಮನುಷ್ಯ ಅದನ್ನು ನೋಡಿದವನೇ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ.

"ಅಕ್ಕಾರ, ಇದನ್ನ ನೀವ ತಗದು ಕೊಡ್ರಿ" ಎಂದು ಮುಖ ಆಚೆ ತಿರುಗಿಸಿ ನಿಂತ.

ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮೊದಲ ಕೆಲವು ವರ್ಷಗಳ ಮಾತು. ಮಾವ ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟುಕೊಂಡಿದ್ದ ಗಂಡಸರ ದರ್ಜಿ. ನಾನು ಇಂಡಿಯವಳು. ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಈ ಮನೆಗೆ ಬಂದೆ. ನಾನು ಬರುವ ಮೊದಲೇ ಅತ್ತೆ ತೀರಿಕೊಂಡಿದ್ದರು. ನನ್ನ ಗಂಡ ತಂಗಡಗಿಯ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲೆಯ ಮಾಸ್ತರು. ಮುದ್ದೇಬಿಹಾಳದಲ್ಲಿ ಖೋಲಿ ಹಿಡಿದು ಇದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ಹೀಗಾಗಿ ವಾರದ ಐದು ದಿನ ನಾನು, ಮಗಳು ಮತ್ತು ಮಾವ. ಜೊತೆಗೆ ಎರಡು ಹೊಲಿಗೆ ಮಷಿನ್, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ.

ಮನೆಯ ಮಷಿನ್ ನನ್ನದು, ತವರಿನಿಂದ ಬಂದದ್ದು. ಇಂಡಿಯಲ್ಲಿ ಹೊಲಿಗೆ ಕ್ಲಾಸಿಗೆ ಹೋಗಿ ಜಂಪರ್ ಹೊಲಿಯಲು ಕಲಿತಿದ್ದೆ. ಜಂಪರ್ ಅಂದರೆ ನಮ್ಮ ಕಡೆ ಸೀರೆಯ ಜೊತೆ ತೊಡುವ ರವಿಕೆ. ಹಿತ್ತಲ ಕಡೆಯ ಖೋಲಿಯಲ್ಲಿ ಕೂತು ಓಣಿಯ ಹೆಂಗಸರಿಗೆ ಹೊಲಿದುಕೊಡುತ್ತಿದ್ದೆ. ಮಾವನ ಕಣ್ಣಲ್ಲಿ ಅದು ಕೆಲಸವೇ ಅಲ್ಲ. ಅವರು ಅಂಗಡಿಯಲ್ಲಿ ಮಾಡುವುದು ಕಾಯಕ. ಆ ಮಾತು ನಮ್ಮೂರಲ್ಲಿ ಗೋಡೆ ಗೋಡೆಯ ಮೇಲೆ ಬರೆದದ್ದಿದೆ, ಹುಟ್ಟಿದ ಕೂಸಿಗೂ ಗೊತ್ತು. ನಾನು ಖೋಲಿಯಲ್ಲಿ ಮಾಡುವುದು ಮಾತ್ರ "ಜಂಪರ ಗಿಂಪರ".

"ಅಡಗಿ ಆತಂದ್ರ ನಿನ್ನ ಜಂಪರ ಗಿಂಪರ ನೋಡ್ಕೊಳವಾ" ಎಂದು ಹೇಳಿ ಮಾವ ಅಂಗಡಿಗೆ ಹೊರಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದುರು ಮಾತಾಡುವಂತಿಲ್ಲ. ಪಲ್ಯಕ್ಕೆ ಒಂದು ಮುಷ್ಟಿ ಖಾರ ಹೆಚ್ಚಿಗೆ ಹಾಕಿ ಸೇಡು ತೀರಿಸಿಕೊಳ್ಳುತ್ತಿದ್ದೆ. ಅವರಿಗೆ ಖಾರವೆಂದರೆ ಪ್ರಾಣ ಎನ್ನುವುದು ಎರಡು ವರ್ಷದ ಮೇಲೆ ಗೊತ್ತಾಯಿತು.

ಮಾವನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಅವರಿಗೆ ಹೊಲಿಗೆ ಕಲಿಸಿದ ಗುರುಗಳು ಹಾಕಿಕೊಟ್ಟದ್ದಂತೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯಬೇಕು, ಮಷಿನ್ ಒರೆಸಿ ಕೈ ಮುಗಿಯಬೇಕು, ಕೂಡಲೇ ಸೂಜಿಯ ಕೆಳಗೆ ಬಟ್ಟೆ ಬರಬೇಕು. ಬರಿಯ ಮಷಿನ್ ತುಳಿಯುವಂತಿಲ್ಲ. ತುಳಿಯದೆ ಸುಮ್ಮನೆ ಕೂರುವಂತೆಯೂ ಇಲ್ಲ. ದಿನದ ಮೊದಲ ಹೊಲಿಗೆ ಯಾರಿಗಾದರೂ ಉಪಯೋಗಕ್ಕೆ ಬೀಳುವ ವಸ್ತುವಿನ ಮೇಲೇ ಬೀಳಬೇಕು, ಚಿಂದಿಯ ಮೇಲಲ್ಲ. ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಈ ಪದ್ಧತಿಯಿಂದ ಯಾರಿಗೂ ತೊಂದರೆ ಇರಲಿಲ್ಲ. ಲಗ್ನದ ದಿನಗಳಲ್ಲಿ ಅಂಗಡಿಯ ಹಲಗೆಯ ಮೇಲೆ ಬಟ್ಟೆಯ ಗುಡ್ಡವೇ ಬಿದ್ದಿರುತ್ತಿತ್ತು. ಗಿರಾಕಿಗಳು ಬರುವುದು ನಿಂತಮೇಲೆ ಆ ಮೊದಲ ಹೊಲಿಗೆಗೆ ಬಟ್ಟೆ ಹುಡುಕುವ ಕೆಲಸ ನನ್ನ ಕುತ್ತಿಗೆಗೆ ಬಂತು.

"ನಾಳೆಗೆ ಏನೈತಿ ನೋಡವಾ" ಎಂದು ಸಂಜೆ ಮನೆಗೆ ಬಂದವರೇ ಕೇಳುತ್ತಿದ್ದರು. ನಾಳೆಯ ಪಲ್ಯಕ್ಕೇನು ಎಂದು ಬೇರೆ ಹೆಂಗಸರು ಯೋಚಿಸಿದರೆ ನಾನು ನಾಳೆಯ ಹೊಲಿಗೆಗೇನು ಎಂದು ಟ್ರಂಕು ತೆರೆದು ಕೂರುತ್ತಿದ್ದೆ. ಹಳೆ ಪರದೆ, ಹರಿದ ಚಾದರ, ನನ್ನ ತವರಿನ ಸೀರೆಗಳು, ಒಂದೊಂದಾಗಿ ಅಂಗಡಿಗೆ ಹೋಗಿ ಗವಸಾಗಿ ಮನೆಗೆ ಬಂದವು. ಸಂತೆ ಚೀಲಗಳೇ ಎಷ್ಟಾದವೆಂದರೆ ಅಷ್ಟು ಚೀಲ ತುಂಬಿಸಬೇಕಾದರೆ ಇಡೀ ಸಂತೆಯನ್ನೇ ತರಬೇಕಿತ್ತು.

ವ್ಯಾಪಾರ ಯಾಕೆ ಬಿತ್ತು ಎಂದು ನನ್ನನ್ನು ಕೇಳಿದರೆ ದೊಡ್ಡ ಉತ್ತರ ಗೊತ್ತಿಲ್ಲ. ಮಳೆ ಎರಡು ವರ್ಷ ಮುನಿಸಿಕೊಂಡಿತ್ತು, ಬೆಳೆದ ಮಾಲಿಗೂ ರೇಟಿರಲಿಲ್ಲ. ನಮ್ಮ ಇಂಡಿಯ ನಿಂಬೆಹಣ್ಣನ್ನು ಕೇಳುವವರಿಲ್ಲ ಎಂದು ತವರಿನಿಂದ ಚೀಲಗಟ್ಟಲೆ ಕಳಿಸುತ್ತಿದ್ದರು. ಉಪ್ಪಿನಕಾಯಿ ಹಾಕಿ ಹಾಕಿ ನನ್ನ ಕೈಬೆರಳು ಸುಲಿದುಹೋಗಿದ್ದವು. ಕೈ ಬಿಗಿಯಾದಾಗ ಮನುಷ್ಯ ಎಣ್ಣೆ ಬಿಡುವುದಿಲ್ಲ, ಚಹಾ ಬಿಡುವುದಿಲ್ಲ, ಹೊಸ ಅಂಗಿ ಹೊಲಿಸುವುದನ್ನು ಮಾತ್ರ ಎಲ್ಲಕ್ಕಿಂತ ಮೊದಲು ಬಿಡುತ್ತಾನೆ. ಹೊರಗಿನವರಿಗೆ ಊರು ಬಡವಾದದ್ದು ಪೇಪರಿನಲ್ಲಿ ಓದಿದರೆ ಗೊತ್ತಾಗುತ್ತದೆ, ದರ್ಜಿಗೆ ಅದಕ್ಕೂ ಆರು ತಿಂಗಳು ಮೊದಲೇ ಗೊತ್ತಾಗುತ್ತದೆ.

ಪೇಪರಿನ ಮಾತು ಬಂತೆಂದು ಹೇಳುತ್ತೇನೆ. ಒಂದು ಭಾನುವಾರ ನನ್ನ ಗಂಡ ಪಡಸಾಲೆಯಲ್ಲಿ ಪೇಪರು ಹರಡಿಕೊಂಡು ಕೂತಿದ್ದರು.

"ಮಂದಿಗೆ ದುಡಿಯೂ ಮನಸ್ಸ ಇಲ್ಲ. ಮೈ ಮುರದು ದುಡಿಯಾವ್ರಿಗೆ ಯಾವ ಹಿಂಜರಿತಾನೂ ಏನೂ ಮಾಡಂಗಿಲ್ಲ ಅಂತ ಬರದಾರ ನೋಡು. ಖರೇ ಐತಿ" ಎಂದರು.

"ನಿಮ್ಮ ಅಪ್ಪಾರು ನಿನ್ನೆ ಮುಂಜಾನಿಂದ ಸಂಜಿತನಕ ಮೈ ಮುರದು ದುಡದಾರ್ರಿ" ಎಂದೆ.

"ಏನ್ ಹೊಲದ್ರು?"

"ಇಸ್ತ್ರಿಪೆಟಗಿಗೆ ಅಂಗಿ."

ಗಂಡ ಪೇಪರು ಮಡಚಿಟ್ಟು ಬಚ್ಚಲಿಗೆ ಹೋದರು. ತಿಂಗಳಾದರೆ ತಪ್ಪದೆ ಸರಕಾರದ ಸಂಬಳ ಬರುವವರಿಗೆ ಊರಿನವರ ಮೈಗಳ್ಳತನ ಬಹಳ ಬೇಗ ಕಾಣಿಸುತ್ತದೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನ ಮೇಲೆ ಆಗ ಬೆಳಿಗ್ಗೆಯಿಂದಲೇ ಜನ ಕೂತಿರುತ್ತಿದ್ದರು, ನಿಜ. ಅದೇ ಜನ ನಾಲ್ಕು ವರ್ಷದ ಹಿಂದೆ ಒಂದು ಲೋಟ ಚಹಾ ನಿಂತೇ ಕುಡಿದು ಓಡುತ್ತಿದ್ದುದನ್ನೂ ನಾನು ನೋಡಿದ್ದೆ. ಕೆಲಸ ಹೋದ ಮೇಲೆ ಅವರು ಬೆಂಚಿಗೆ ಬಂದರೇ ಹೊರತು, ಬೆಂಚಿಗೆ ಬಂದದ್ದಕ್ಕೆ ಕೆಲಸ ಹೋದದ್ದಲ್ಲ. ಇಷ್ಟು ಸಣ್ಣ ವಿಷಯ ಪೇಪರಿನಲ್ಲಿ ಬರೆಯುವ ದೊಡ್ಡವರಿಗೆ ಯಾಕೆ ಹೊಳೆಯುವುದಿಲ್ಲವೋ ನನಗೆ ಇವತ್ತಿಗೂ ತಿಳಿಯದು.

ಮನೆಯಲ್ಲಿ ಗವಸು ತೊಡದ ವಸ್ತು ಇನ್ನಾವುದೂ ಉಳಿಯದೆ ನಾನು ಕಂಗಾಲಾಗಿದ್ದ ಹೊತ್ತಿಗೆ ಅಂಗಡಿಗೆ ಹಳೆ ಅಂಗಿಗಳು ಬರತೊಡಗಿದವು. ಹೊಸದು ಹೊಲಿಸಲಾಗದವರು ಸವೆದ ಅಂಗಿ ಹಿಡಿದುಕೊಂಡು ಬಂದರು. ಅಂಗಿ ಮೊದಲು ಸವೆಯುವುದು ಕುತ್ತಿಗೆ ತಾಗುವ ಕಾಲರಿನ ಮಡಿಕೆಯಲ್ಲಿ. ಆ ಕಾಲರನ್ನು ಬೇರೆ ಮಾಡಿ, ಒಳಗಿನ ಮಗ್ಗಲು ಹೊರಗೆ ಬರುವಂತೆ ತಿರುಗಿಸಿ ಕೂರಿಸಿದರೆ ಅಂಗಿಗೆ ಇನ್ನೆರಡು ವರ್ಷ ಆಯುಷ್ಯ. ಬೇರೆ ದರ್ಜಿಗಳು ಈ ಕೆಲಸಕ್ಕೆ ಮೂಗು ಮುರಿಯುತ್ತಿದ್ದರು. ಮಾವ ಹೊಸ ಅಂಗಿಗೆ ಎಷ್ಟು ಜೀವ ತೇಯುತ್ತಿದ್ದರೋ ಇದಕ್ಕೂ ಅಷ್ಟೇ ತೇದರು.

ಅವರಲ್ಲಿ ಖಾಯಂ ಗಿರಾಕಿ ಎಂದರೆ ನಮ್ಮ ಓಣಿಯ ನಿವೃತ್ತ ಹೆಡ್ ಮಾಸ್ತರು. ಅವರ ಕೆನೆಬಣ್ಣದ ಅಂಗಿಯ ಕಾಲರು ಒಂದು ಸಲ ತಿರುಗಿ, ಎರಡೂ ಮಗ್ಗಲು ಸವೆದು, ತಿರುಗಿಸಲು ಮೂರನೆಯ ಮಗ್ಗಲೇ ಇಲ್ಲ ಎನ್ನುವ ಸ್ಥಿತಿಗೆ ಬಂತು. ಮಾವ ಸೋಲಲಿಲ್ಲ. ಅಂಗಿಯ ಬೆನ್ನಿನ ಕೆಳಭಾಗ ಹೇಗೂ ಪ್ಯಾಂಟಿನೊಳಗೆ ಹೋಗುತ್ತದಲ್ಲ, ಅಲ್ಲಿಂದ ಬಟ್ಟೆ ಕತ್ತರಿಸಿ ಹೊಸ ಕಾಲರು ಮಾಡಿದರು. ಕತ್ತರಿಸಿದ ಜಾಗಕ್ಕೆ ನಮ್ಮ ಮನೆಯ ಹಳೆ ಪರದೆಯ ತುಂಡು ಜೋಡಿಸಿದರು. ಹೆಡ್ ಮಾಸ್ತರು ಹೊಸ ಮದುಮಗನ ಹಾಗೆ ಕತ್ತೆತ್ತಿ ಓಡಾಡಿದರು. ಆಮೇಲೆ ನನ್ನ ಮಗಳ ಶಾಲೆಯಲ್ಲಿ ಧ್ವಜ ಏರಿಸಿದ ದಿನ ಅವರು ಬಗ್ಗಿ ಹೂವಿನ ಬುಟ್ಟಿ ಎತ್ತಿಕೊಳ್ಳಲು ಹೋದಾಗ ಅಂಗಿ ಮೇಲಕ್ಕೆ ಸರಿದು, ಹಿಂದೆ ನಮ್ಮ ಪರದೆಯ ದೊಡ್ಡ ದೊಡ್ಡ ಕೆಂಪು ದಾಸವಾಳಗಳು ಅರಳಿದವು. ಮಕ್ಕಳ ಸಾಲಿನಲ್ಲಿ ನಿಂತಿದ್ದ ನನ್ನ ಮಗಳು ಜೋರಾಗಿ "ನಮ್ಮ ಪರದೆ!" ಎಂದು ಕೂಗಿಬಿಟ್ಟಳು. ಅವತ್ತು ಮನೆಯಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಮಾವನೂ ನಕ್ಕರು.

ನಗು ಮುಗಿದ ಮೇಲೆ ನಾನು ಕೇಳಿಯೇಬಿಟ್ಟೆ. "ಮಾವಾರ, ನೀವು ಇಷ್ಟ ಗಟ್ಟಿ ರಿಪೇರಿ ಮಾಡಿಕೊಟ್ರ ಅವರು ಹೊಸಾದು ಯಾವಾಗ ಹೊಲಸ್ತಾರ್ರಿ? ನಿಮ್ಮ ಹೊಟ್ಟಿ ಮ್ಯಾಲ ನೀವ ಹೊಡಕೊಳ್ಳಾಕತ್ತೀರಲ್ಲ."

"ಕೆಟ್ಟದ್ದು ಕಾಲ ಐತೆವಾ, ಅಂಗಿ ಏನ್ ಮಾಡೇತಿ?" ಎಂದರು. "ಕಾಲ ಚಲೋ ಆಗಲಿ. ಇವರೆಲ್ಲಾ ಒಟ್ಟಿಗೇ ಬರ್ತಾರ ನೋಡು. ಆವಾಗ ನಿನಗ ಬುತ್ತಿ ತರಾಕೂ ದಾರಿ ಸಿಗಂಗಿಲ್ಲ."

ಆ ನಂಬಿಕೆ ಅವರನ್ನು ಎಬ್ಬಿಸಿ ಕೂರಿಸುತ್ತಿತ್ತು ಎಂದು ನನಗೆ ಆಗಲೇ ಅನಿಸಿತ್ತು. ಆದರೆ ದಿನಕ್ಕೆ ಒಂದೆರಡು ಕಾಲರಿನಿಂದ ಅವರ ಕೈ ತುಂಬುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೇ ಕೆಲಸ ಮುಗಿದು, ಉಳಿದ ಹೊತ್ತು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ರಸ್ತೆ ನೋಡುತ್ತ ಕೂರುತ್ತಿದ್ದರು. ಊಟ ಕಡಿಮೆಯಾಯಿತು. ಪಲ್ಯಕ್ಕೆ ಎಷ್ಟು ಖಾರ ಹಾಕಿದರೂ ಎರಡನೆಯ ರೊಟ್ಟಿಗೆ ಕೈ ಹೋಗುತ್ತಿರಲಿಲ್ಲ. ನನಗೆ ಹೆದರಿಕೆ ಹತ್ತಿತು. ಈ ಮನುಷ್ಯನಿಗೆ ಕೆಲಸ ಸಿಗದಿದ್ದರೆ ಇವರು ಉಳಿಯುವುದಿಲ್ಲ ಎಂದು ನಾನು ಗಂಡನಿಗೆ ನೇರವಾಗಿ ಹೇಳಿದೆ.

ಆಗ ಸಿಂದಗಿಯ ನನ್ನ ಸೋದರಮಾವನ ನೆನಪಾಯಿತು. ಅವರು ಸಿಂದಗಿ, ತಾಂಬಾ ಕಡೆಯ ಸಂತೆಗಳಲ್ಲಿ ಅಗ್ಗದ ಅಂಗಿ ಮಾರುತ್ತಿದ್ದರು. ಕತ್ತರಿಸಿದ ಬಟ್ಟೆ ಅವರೇ ಕೊಡುತ್ತಾರೆ, ಹೊಲಿದು ಕೊಟ್ಟರಾಯಿತು. ನಾನು ಮಾವನ ಹಿಂದೆ ಬಿದ್ದು ಒಪ್ಪಿಸಿದೆ. ನಲವತ್ತು ಅಂಗಿಯ ಗಂಟು ಬಸ್ಸಿನ ಮೇಲೆ ಬಂತು. ಮುಂದಿನ ಸಂತೆಗೆ ಎಲ್ಲವೂ ಬೇಕೆಂದು ಹೇಳಿ ಕಳಿಸಿದ್ದರು.

ಮಾವ ಹುರುಪಿನಿಂದ ಶುರುಮಾಡಿದರು. ಆದರೆ ಅವರಿಗೆ ಬರುತ್ತಿದ್ದದ್ದು ಒಂದೇ ರೀತಿಯ ಹೊಲಿಗೆ. ಒತ್ತೊತ್ತಾದ ಸಣ್ಣ ಹೊಲಿಗೆ, ಒಳಗಿನ ಅಂಚನ್ನೂ ಮಡಚಿ ಮತ್ತೊಮ್ಮೆ ಹೊಲಿಯುವುದು, ಗುಂಡಿಯ ಕಾಜಾ ಕೈಯಿಂದಲೇ ಕಟ್ಟುವುದು. ನಾಲ್ಕು ದಿನಕ್ಕೆ ನಾಲ್ಕು ಅಂಗಿ ಆದವು. ನಾನು ತಡೆಯಲಾರದೆ ಒಂದು ಕಳ್ಳತನ ಮಾಡಿದೆ. ಮಧ್ಯಾಹ್ನ ಬುತ್ತಿ ಒಯ್ದಾಗ, ಅವರು ನಳಕ್ಕೆ ಕೈ ತೊಳೆಯಲು ಹೋದರು. ಆ ಸಂದಿಯಲ್ಲಿ ಮಷಿನಿನ ಹೊಲಿಗೆಯ ತಿರುಪು ತಿರುಗಿಸಿ ಉದ್ದನೆಯ ಹೊಲಿಗೆ ಬೀಳುವ ಹಾಗೆ ಮಾಡಿ, ಏನೂ ಗೊತ್ತಿಲ್ಲದವಳ ಹಾಗೆ ಡಬ್ಬಿ ಬಿಚ್ಚಿದೆ. ಮಾವ ಊಟ ಮಾಡಿ ಮಷಿನಿಗೆ ಕೂತು ಎರಡು ಸಲ ತುಳಿದರು. ಕಾಲು ನಿಲ್ಲಿಸಿದರು. ಬಟ್ಟೆ ನೋಡಲಿಲ್ಲ, ದನಿಯಿಂದಲೇ ತಿಳಿದಿರಬೇಕು. ತಿರುಪನ್ನು ಮೊದಲಿನ ಜಾಗಕ್ಕೆ ತಂದು ಮತ್ತೆ ತುಳಿಯತೊಡಗಿದರು. ನನ್ನ ಕಡೆ ಕಣ್ಣೆತ್ತಿ ಕೂಡ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂತೆ ದಾಟಿಹೋಗಿ ಸೋದರಮಾವ ತಾವೇ ಬಂದಾಗ ಹತ್ತು ಅಂಗಿ ತಯಾರಿದ್ದವು. ಒಂದನ್ನು ಎತ್ತಿ ನೋಡಿ ಅವರು ತಲೆಗೆ ಕೈ ಹಚ್ಚಿಕೊಂಡರು.

"ಬೀಗರ, ಇವು ಸಂತ್ಯಾಗ ಮಾರೂ ಅಂಗೀರಿ. ನೀವು ಮದಿಮಗನ ಅಂಗಿ ಹೊಲದು ಇಟ್ಟೀರಲ್ಲ!"

"ಸಂತಿಗೆ ಬರಾವರಿಗೆ ಮೈ ಇಲ್ಲೇನ್ರಿ?" ಎಂದರು ಮಾವ.

ಸೋದರಮಾವನಿಗೆ ನಗು ಬಂತು, ಸಿಟ್ಟೂ ಬಂತು. ಎರಡು ಕಪ್ಪು ಚಹಾ ಕುಡಿದು, ಉಳಿದ ಮೂವತ್ತರ ಗಂಟು ಕಟ್ಟಿಕೊಂಡು ಸಿಂದಗಿಗೆ ಹೊರಟರು. ಹೋಗುವಾಗ ಆ ಹತ್ತರಲ್ಲಿ ಒಂದನ್ನು ತಮಗೇ ತೆಗೆದಿಟ್ಟುಕೊಂಡರು ಎಂದು ಅವರ ಹೆಂಡತಿ ಆಮೇಲೆ ಫೋನಿನಲ್ಲಿ ಹೇಳಿದರು.

ಕಾಲ ಬದಲಾಗುವುದಿಲ್ಲ ಎಂದುಕೊಂಡಿದ್ದಾಗಲೇ ಬದಲಾಯಿತು. ಒಳ್ಳೆಯ ಮಳೆಯಾಯಿತು, ಮಾಲಿಗೆ ರೇಟು ಬಂತು, ಬಾಜಾರದಲ್ಲಿ ನಡೆದಾಡಲು ಜಾಗ ಇಲ್ಲದಂತಾಯಿತು. ಮುಂದೂಡಿದ್ದ ಲಗ್ನಗಳೆಲ್ಲ ಒಂದೇ ತಿಂಗಳಲ್ಲಿ ಬಂದು ಕೂತವು. ಮಾವ ಅಂಗಡಿಗೆ ಸುಣ್ಣ ಹೊಡೆಸಿದರು. ಬಣ್ಣ ಬಣ್ಣದ ದಾರದ ಉಂಡೆ ತರಿಸಿದರು. ಕತ್ತರಿಗೆ ಸಾಣೆ ಹಿಡಿಸಿದರು. ಊರಿನವರ ಅಳತೆ ಬರೆದ ಹಳೆ ಪುಸ್ತಕ ಹೊರತೆಗೆದು, "ಇಷ್ಟು ವರ್ಷದಾಗ ಎಲ್ಲಾರ ಹೊಟ್ಟೀನೂ ಬದಲಾಗಿರ್ತಾವ, ಹೊಸಾದಾಗಿ ಅಳೀಬೇಕು" ಎಂದು ನಕ್ಕರು.

ಅದೇ ವೇಳೆಗೆ ರಸ್ತೆಯ ಆಚೆ ಒಂದು ರೆಡಿಮೇಡ್ ಅಂಗಡಿ ತೆರೆಯಿತು. ಗಾಜಿನ ಬಾಗಿಲು, ಒಳಗೆ ತಲೆಯಿಲ್ಲದ ಗೊಂಬೆಗಳು, ಗೊಂಬೆಗಳ ಮೈಮೇಲೆ ಅಂಗಿ. ಜನ ಅಲ್ಲಿಗೆ ಹೋದರು. ಕಾಲರು ತಿರುಗಿಸಿಕೊಂಡು ಹೋದವರು, ಪ್ಯಾಂಟಿನ ಮೊಣಕಾಲಿಗೆ ತೇಪೆ ಹಾಕಿಸಿಕೊಂಡವರು, ಎಲ್ಲರೂ ಹೋದರು. ಅವರಿಗೆ ನಾಚಿಕೆಯೂ ಇರಲಿಲ್ಲ. ಪ್ಲಾಸ್ಟಿಕ್ ಚೀಲ ತೂಗಾಡಿಸುತ್ತ ಮಾವನ ಅಂಗಡಿಯ ಮುಂದೆಯೇ ಹಾದು, "ಆರಾಮ ಅದೀರಿಲ್ರಿ?" ಎಂದು ಕೇಳಿ ಹೋಗುತ್ತಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬೊಬ್ಬರನ್ನೂ ನಿಲ್ಲಿಸಿ, ನಿಮ್ಮ ಮಾನ ಮೂರು ವರ್ಷ ಮುಚ್ಚಿದ ಕೈ ಇದು ಎಂದು ಬೈಯಬೇಕು ಎನಿಸುತ್ತಿತ್ತು.

ಮಾವನಿಗೆ ಸಿಟ್ಟು ಇರಲಿಲ್ಲ. "ಹಾಕ್ಕೊಳ್ಳಲಿ ಬಿಡವಾ. ಮೊದಲ್ನೇ ಸಲ ಒಗದಾಗ ಗುಂಡಿ ಉದುರ್ತಾವ, ಎರಡನೇ ಸಲ ಒಗದಾಗ ಹೊಲಿಗಿ ಬಿಡ್ತೈತಿ. ಆಮ್ಯಾಲ ಎಲ್ಲಿಗೆ ಹೋಗ್ತಾರ? ಇಲ್ಲೇ ಬರ್ತಾರ" ಎನ್ನುತ್ತಿದ್ದರು. ಕೆಟ್ಟ ಕೆಲಸ ಬಾಳುವುದಿಲ್ಲ ಎನ್ನುವುದು ಅವರಿಗೆ ಗೊತ್ತಿದ್ದ ಒಂದೇ ಅರ್ಥಶಾಸ್ತ್ರ.

ಒಂದು ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಹೋದಾಗ ಹೆಡ್ ಮಾಸ್ತರು ಅಂಗಡಿಯಲ್ಲಿದ್ದರು. ಕೈಯಲ್ಲಿ ಹೊಸ ರೆಡಿಮೇಡ್ ಅಂಗಿ. ಮುಖ ಸಣ್ಣದು ಮಾಡಿಕೊಂಡಿದ್ದರು.

"ಅಳಿಯ ವಿಜಾಪುರದಿಂದ ತಂದಾನ್ರಿ. ನಾ ಬ್ಯಾಡ ಅಂದ್ನಿ. ತೋಳು ಒಂದೀಟು ಉದ್ದ ಆಗ್ಯಾವ, ಗಿಡ್ಡ ಮಾಡಿಕೊಡ್ರಿ" ಎಂದರು.

ಮಾವನ ಕಣ್ಣು ಮಿನುಗಿದವು. ಎಷ್ಟೋ ದಿನದಿಂದ ಕಾಯುತ್ತಿದ್ದ ಕಳ್ಳ ಕೈಗೆ ಸಿಕ್ಕಂತೆ ಆ ಅಂಗಿಯನ್ನು ಇಸಿದುಕೊಂಡು ಸರಕ್ಕನೆ ಒಳಮೈ ಹೊರಗೆ ಮಾಡಿದರು. ಕನ್ನಡಕ ಏರಿಸಿ ಬಗಲಿನ ಹೊಲಿಗೆ ನೋಡಿದರು. ಹೆಗಲು ನೋಡಿದರು. ಒಂದು ಗುಂಡಿ ಹಿಡಿದು ಎಳೆದರು, ಮತ್ತೊಂದನ್ನು ಎಳೆದರು. ಕಾಲರಿನ ತುದಿಯನ್ನು ಉಗುರಿನಿಂದ ಒತ್ತಿ ನೋಡಿದರು. ನಾನು ಅವರ ಬೈಗುಳ ಕೇಳಲು ಕಾಯುತ್ತಿದ್ದೆ. ಮಾವ ಅಂಗಿಯನ್ನು ಮೆಲ್ಲಗೆ ಹಲಗೆಯ ಮೇಲೆ ಹಾಸಿ, ಕೈಯಿಂದ ಸವರಿದರು.

"ಚಲೋ ಹೊಲದಾನ್ರಿ" ಎಂದರು. "ಯಾವನೋ ಎಲ್ಲ್ಯಾನೋ ಗೊತ್ತಿಲ್ಲ. ಕೈ ಚಲೋ ಐತಿ."

ತೋಳು ಗಿಡ್ಡ ಮಾಡಿ ಕೊಟ್ಟರು. ಹೆಡ್ ಮಾಸ್ತರು ಹೋದ ಮೇಲೆ ಬುತ್ತಿ ಬಿಚ್ಚಲಿಲ್ಲ. ಮಷಿನಿಗೆ ಗವಸು ಹಾಕಿ, ಬಾಗಿಲು ಎಳೆದು, ನನ್ನ ಜೊತೆಗೇ ಮನೆಗೆ ಬಂದರು. ನನ್ನ ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ಎಂಟು ಗಂಟೆಯಾಯಿತು, ಒಂಬತ್ತಾಯಿತು, ಮಾವ ಏಳಲಿಲ್ಲ. ಅದರ ಮರುದಿನವೂ ಅಷ್ಟೆ. ಜ್ವರವಿಲ್ಲ, ಕೆಮ್ಮಿಲ್ಲ. ಪಡಸಾಲೆಯ ಗೋಡೆಗೆ ಒರಗಿ ಕೂತುಬಿಟ್ಟರು. ಶನಿವಾರ ಬಂದ ಗಂಡ ವಿಷಯ ಕೇಳಿ, ತಂದೆಯ ಪಕ್ಕದಲ್ಲಿ ಕೂತು ಬಹಳ ಪ್ರೀತಿಯಿಂದ, "ಅಪ್ಪಾ, ಇಷ್ಟು ವರ್ಷ ದುಡದಿ. ಇನ್ನ ಆರಾಮ ಕುಂದರು. ನಾ ಇದ್ದೇನಿ" ಎಂದರು. ಆರಾಮ ಎಂಬ ಮಾತು ಕೇಳಿ ಮಾವ ಕಣ್ಣು ಮುಚ್ಚಿಕೊಂಡರು. ಒಳ್ಳೆಯ ಮಗನ ಒಳ್ಳೆಯ ಮಾತು ಅದು. ಆದರೂ ಗಂಡನ ಬೆನ್ನಿಗೆ ಒಂದು ಗುದ್ದು ಹಾಕಬೇಕು ಎನಿಸಿತು ನನಗೆ.

ಸೋಮವಾರ ಗಂಡ ಮುದ್ದೇಬಿಹಾಳಕ್ಕೆ ಹೋದ ಮೇಲೆ, ಮಗಳೂ ಶಾಲೆಗೆ ಹೋದ ಮೇಲೆ, ನಾನು ಖೋಲಿಯಲ್ಲಿ ಒಂದು ಜಂಪರಿಗೆ ತೋಳು ಕೂರಿಸುತ್ತಿದ್ದೆ. ಹೊಸ್ತಿಲಲ್ಲಿ ಕೆಮ್ಮಿದ ಸದ್ದಾಯಿತು. ನನಗೆ ತಿಳಿದಂತೆ ಮಾವ ಆ ಖೋಲಿಯ ಕಡೆ ಎಂದೂ ಬರುತ್ತಿರಲಿಲ್ಲ. ಹೆಂಗಸರು ಬಂದು ಹೋಗುವ ಜಾಗ ಅದು.

"ಒಳಗ ಬರಲೇನವಾ?"

ನಾನು ಗಡಬಡಿಸಿ ಎದ್ದು ನಿಂತೆ. ಮಾವ ಒಳಗೆ ಬಂದು ನೆಲದ ಮೇಲೆ ಕೂತರು. ಮಷಿನಿನ ಮೇಲಿದ್ದ ಜಂಪರಿನ ಕಡೆ ನೋಡುತ್ತ ಕೇಳಿದರು.

"ಜಂಪರ ರೆಡಿಮೇಡ್ ಬರ್ತಾವೇನು?"

"ಬರ್ತಾವ್ರಿ. ಆದ್ರ ಯಾರಿಗೂ ಕೂಡಂಗಿಲ್ಲ. ಒಬ್ಬೊಬ್ಬಾಕಿ ಮೈ ಒಂದೊಂದು ಥರ."

"ಹಂಗಾದ್ರ ನನಗ ಕಲಸು."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. "ಚ್ಯಾಷ್ಟಿ ಮಾಡಾಕತ್ತೀರೇನ್ರಿ ಮಾವಾರ?" ಎಂದೆ.

"ಚ್ಯಾಷ್ಟಿ ಅಲ್ಲ. ನೀ ಇಲ್ಲದಾಗ ನಿನ್ನ ಹೊಲಿಗಿ ತಿರುವಿ ನೋಡೇನಿ. ಒಳಗಿಂದೂ ಚಂದ ಐತಿ. ನನಗ ಕಲಿಸುವಷ್ಟು ಬರ್ತೈತಿ ನಿನಗ" ಎಂದರು.

ಈ ಮನೆಗೆ ಬಂದು ಹತ್ತು ವರ್ಷದ ಹತ್ತಿರ ಆಗಿತ್ತು. ನನ್ನ ಅಡುಗೆ ಹೊಗಳಿದ್ದರು, ಮಗಳನ್ನು ಹೊಗಳಿದ್ದರು, ಉಪ್ಪಿನಕಾಯಿ ಹೊಗಳಿದ್ದರು. ನನ್ನ ಕೆಲಸವನ್ನು ಒಬ್ಬ ದರ್ಜಿ ಒಳಮೈ ತಿರುಗಿಸಿ ನೋಡಿ ಹೊಗಳಿದ್ದು ಅದೇ ಮೊದಲು. ಹಿಗ್ಗು ತೋರಿಸಿಕೊಳ್ಳಬಾರದೆಂದು ಬಿರುಸಾಗಿ ಹೇಳಿದೆ, "ಕಲಸ್ತೇನ್ರಿ. ಆದ್ರ ಇನ್ನ ಮ್ಯಾಲ ಜಂಪರ ಗಿಂಪರ ಅನಬಾರದು."

"ಆತು. ಬರೇ ಜಂಪರ" ಎಂದರು ಮಾವ.

ನಿಯಮ ಹೀಗೆ ಮಾಡಿಕೊಂಡೆವು. ಹೆಂಗಸರ ಅಳತೆ, ಮಾತುಕತೆ ಎಲ್ಲ ನನ್ನದು. ಅವರು ಅಳತೆಗೆಂದು ಕೊಟ್ಟುಹೋಗುವ ಹಳೆ ಜಂಪರ್ ನೋಡಿಕೊಂಡು ಕತ್ತರಿಸುವುದು, ಹೊಲಿಯುವುದು ಮಾವ ಕಲಿಯಬೇಕು. ನಾನು ಒಳ್ಳೆಯ ಗುರುವಲ್ಲ, ನನಗೆ ಬೇಗ ಸಿಟ್ಟು ಬರುತ್ತದೆ. ಜೀವಮಾನವಿಡೀ ಗಂಡಸರ ನೇರ ನೇರ ಅಂಗಿ ಹೊಲಿದವರಿಗೆ ಜಂಪರಿನ ಸೊಟ್ಟ ಗೆರೆಗಳು ಹಿಡಿತಕ್ಕೆ ಬರುತ್ತಿರಲಿಲ್ಲ. ಎದೆಯ ಮಡಿಕೆ ಎಲ್ಲಿ ನಿಲ್ಲಬೇಕು ಎಂದು ಕೇಳಲು ಅವರಿಗೆ ಸಂಕೋಚ, ಹೇಳಲು ನನಗೆ ಸಂಕೋಚ. 'ಇಲ್ಲಿ', 'ಅಲ್ಲಿ', 'ಅದು' ಎಂದು ಹೇಳಿಕೊಂಡು ಪಾಠ ಸಾಗಿತು. "ಸಾವಕಾಶ್ರಿ ಮಾವಾರ, ಇದು ಪೈಜಾಮ ಅಲ್ಲ" ಎಂದು ಗದರಿದ್ದೂ ಇದೆ. ಅವರು ತಲೆತಗ್ಗಿಸಿ ಹೂಂ ಎನ್ನುತ್ತಿದ್ದರು. ರಾತ್ರಿ ಊಟಕ್ಕೆ ಎರಡು ರೊಟ್ಟಿ ತಿನ್ನತೊಡಗಿದರು.

ಹತ್ತು ಹನ್ನೆರಡು ದಿನಕ್ಕೆ ಅವರ ಮೊದಲ ಜಂಪರ್ ತಯಾರಾಯಿತು. ಎದುರುಮನೆಯಾಕೆಯದು, ಹಸಿರು ಬಟ್ಟೆ. ಮಾವ ಅದನ್ನು ಇಸ್ತ್ರಿ ಮಾಡಿ, ಮಡಚಿ, ನನ್ನ ಕೈಗೆ ಕೊಟ್ಟು ಎದುರಿಗೆ ಕೂತರು. ಒಳಗೆ ಹೊರಗೆ ತಿರುಗಿಸಿ ನೋಡಿದೆ. ಹೊಲಿಗೆ ಎಷ್ಟು ಸಣ್ಣದಿತ್ತೆಂದರೆ ಆ ತರಹದ್ದು ನನ್ನ ಜನ್ಮಕ್ಕೆ ಬರುವುದಿಲ್ಲ. ಕೊರಳಿನ ಪಟ್ಟಿ ಗೆರೆ ಎಳೆದ ಹಾಗಿತ್ತು. ಆಮೇಲೆ ತೋಳುಗಳ ಕಡೆ ಕಣ್ಣು ಹೋಯಿತು. ಜಂಪರಿನ ತೋಳಿಗೆ ಮುಂದಿನ ಮಗ್ಗಲು ಬೇರೆ, ಹಿಂದಿನ ಮಗ್ಗಲು ಬೇರೆ. ಮಾವ ಬಲದ ತೋಳನ್ನು ಎಡಕ್ಕೂ, ಎಡದ್ದನ್ನು ಬಲಕ್ಕೂ ಕೂರಿಸಿಬಿಟ್ಟಿದ್ದರು.

ಸೆರಗು ಹೊದ್ದರೆ ಯಾರಿಗೂ ಕಾಣುವುದಿಲ್ಲ. ಕೈ ಎತ್ತಿದಾಗ ಬಗಲಲ್ಲಿ ಹಿಡಿಯುತ್ತದೆ, ಅಷ್ಟೆ. ಎದುರುಮನೆಯಾಕೆ ಮೈ ಬಂತೇನೋ ಎಂದುಕೊಂಡು ಸುಮ್ಮನಾಗುತ್ತಾಳೆ. ಬೇಕಾದರೆ ಮಾವ ಮಲಗಿದ ಮೇಲೆ ನಾನೇ ಸರಿಮಾಡಬಹುದು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಮೊನ್ನೆ ಮೊನ್ನೆ ಗೋಡೆಗೆ ಒರಗಿ ಕೂತಿದ್ದ ಮನುಷ್ಯ, ಈಗ ತಾನೇ ಎದ್ದು ನಿಂತಿದ್ದಾರೆ. ಚೆನ್ನಾಗಿದೆ ಎನ್ನಲು ಬಾಯಿ ತೆರೆದೆ.

"ತೋಳು ಅದಲಬದಲ ಆಗ್ಯಾವ್ರಿ ಮಾವಾರ" ಎಂದೆ. "ಎರಡೂ ಬಿಚ್ಚಬೇಕು."

ಮಾವ ಜಂಪರನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಅವರು ಅಳುತ್ತಾರೆಂದು ನನಗೆ ಹೆದರಿಕೆಯಾಗಿತ್ತು. ನಿಧಾನಕ್ಕೆ ಅವರ ಮುಖ ಸಡಿಲಾಯಿತು.

"ಹೇಳ್ದಿ, ಚಲೋ ಆತು" ಎಂದರು. "ಸುಮ್ಮಕಿದ್ದಿದ್ರ, ಮುದುಕನ ಕೈಗೊಂದು ಆಟದ ಸಾಮಾನ ಕೊಟ್ಟೀ ಅಂತ ತಿಳಕೊಂತಿದ್ನಿ. ನಾಳಿಂದ ಬರ್ತಿದ್ದಿಲ್ಲ."

ನನ್ನ ಪೆಟ್ಟಿಗೆಯಿಂದ ತಾವೇ ಬ್ಲೇಡು ತೆಗೆದುಕೊಂಡು ಬಲದ ತೋಳು ಬಿಚ್ಚತೊಡಗಿದರು. ಅಷ್ಟು ಸಣ್ಣ ಹೊಲಿಗೆ ಬಿಚ್ಚಲು ಮಧ್ಯಾಹ್ನದವರೆಗೆ ಬೇಕಾಯಿತು.